ಮಹಡಿಯ ಸರ್ ಅವರ ಎಡಗೈ

ಅವರ ಎಡಗೈಯಲ್ಲಿ, ಮೊಣಕೈಯಿಂದ ಕೆಳಗೆ, ಏಳು ಗುರುತುಗಳಿದ್ದವು. ಚಹಾದ ಲೋಟ ಕೊಡುವಾಗ ಮೂರು ಕಂಡಿದ್ದವು. ಅಂಗಿಯ ತೋಳು ಮಡಚಿ ನೀರಿನ ಟಾಕಿ ತೊಳೆಯುತ್ತಿದ್ದ ದಿನ ಉಳಿದ ನಾಲ್ಕನ್ನು ಎಣಿಸಿದೆ. ಆರು ಗುರುತುಗಳು ಜೋಳದ ಕಾಳಿನಷ್ಟು, ಬೆಳ್ಳಗೆ, ಒಳಕ್ಕೆ ಕುಸಿದಿದ್ದವು. ಏಳನೆಯದು ಉದ್ದ. ಚರ್ಮ ಹರಿದು ಹೋಗಿ ಯಾರೋ ಅವಸರದಲ್ಲಿ ಹೊಲಿದ ಹಾಗಿತ್ತು. ನಾನು ಓದಿದ್ದು ಬೀದರಿನ ಕಾನ್ವೆಂಟಿನಲ್ಲಿ. ಅಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಅಂಥ ಹೊಲಿಗೆ ಕಂಡರೆ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದರು.

ಹೋದ ತಿಂಗಳು ಉದಗೀರಿನಿಂದ ಅವರ ತಂಗಿ ಫೋನ್ ಮಾಡಿದಳು. "ಅಣ್ಣ ಹೋದ ರೀ ವೈನಿ. ಮುಂಜಾನಿ ಚಾ ಕುಡದು ಕಂಪ್ಯೂಟರ್ ಮುಂದ ಕುಂತಿದ್ದ. ಹಂಗೇ ಕುಂತಾನ." ನನಗೆ ಮೊದಲು ನೆನಪಾದದ್ದು ಅವರ ಮುಖವಲ್ಲ, ಆ ಕೈ.

ನಮ್ಮದು ಗಡಿಯಾಚೆ, ಮಹಾರಾಷ್ಟ್ರದ ಉಮರ್ಗಾದಲ್ಲಿ ಬೋರ್‌ವೆಲ್ ಪಂಪು ರಿಪೇರಿ ಮಾಡುವ ಮನೆತನ. ಯೆಣೆಗೂರ ಕಡೆ ಹೊಲವೂ ಇದೆ. ನನ್ನ ಗಂಡ ಮತ್ತು ಮೈದುನ ಇಬ್ಬರದೂ ಒಂದೇ ಅಂಗಡಿ, ಒಂದೇ ಅಂಗಳ. ಅಂಗಳದ ಈಚೆ ನಮ್ಮ ಮನೆ, ಆಚೆ ಮೈದುನನದು. ನಡುವೆ ನಳ, ಬಟ್ಟೆ ಒಗೆಯುವ ಕಲ್ಲು, ಗೋಡೆಯಲ್ಲಿ ದೀಪ ಇಡುವ ಒಂದು ಗೂಡು. ನಮ್ಮ ಮನೆಯ ಮೇಲಿನ ಕೋಣೆಗೆ ಬಾಡಿಗೆಗೆ ಬಂದವರು ಇವರು. ಐವತ್ತು ದಾಟಿತ್ತು. ಯೆಣೆಗೂರ ಹತ್ತಿರದ ಕುರುಬರ ಮನೆತನ. ಅಣ್ಣತಮ್ಮಂದಿರ ಮಕ್ಕಳು ಇನ್ನೂ ಕುರಿ ಸಾಕುತ್ತಿದ್ದರು. ಇವರು ಡಿಪ್ಲೊಮಾ ಓದಿ ಪುಣೆಯಲ್ಲಿ ಬಹಳ ವರ್ಷ ಇದ್ದು, ಈಗ ಅದೇ ಕಂಪನಿಯ ಕೆಲಸವನ್ನು ನಮ್ಮ ಮಹಡಿಯಿಂದಲೇ ಮಾಡುತ್ತಿದ್ದರು. ಬೀರಪ್ಪನ ಗುಡಿಗೆ ಹೋಗುವ ದಿನ ಇಸ್ತ್ರಿ ಮಾಡಿದ ಪ್ಯಾಂಟಿನ ಮೇಲೆ ಕಂಬಳಿ ಹೊದ್ದು ಮೋಟರ್‌ಸೈಕಲ್ ಏರುತ್ತಿದ್ದರು. ನಾವೆಲ್ಲ "ಸರ್" ಎನ್ನುತ್ತಿದ್ದೆವು. ಅವರು ನನ್ನನ್ನು "ವೈನಿ", ಅಂದರೆ ಅತ್ತಿಗೆ, ಎನ್ನುತ್ತಿದ್ದರು.

ಮೊದಮೊದಲು ನನಗೆ ಅವರೆಂದರೆ ಅಂಜಿಕೆ. ಬಂದ ಹದಿನೈದು ದಿನಕ್ಕೆ ಮೇಲಿಂದ ಒಂದು ಕೀಬೋರ್ಡು ಹಾರಿ ಬಂದು ಒಗೆಯುವ ಕಲ್ಲಿನ ಮೇಲೆ ಬಿತ್ತು. ಗುಂಡಿಗಳು ಹುರಿದ ಶೇಂಗಾದ ಹಾಗೆ ಅಂಗಳದ ತುಂಬ ಚೆಲ್ಲಿದವು. ಹಿಂದೆಯೇ ಫೋನಿನಲ್ಲಿ ಕೂಗು: "ಅರೇ, ಪಾಚ್ವಾ ಮಾಗಿತಲಾ ತರ್ ನಾಹೀ ಮ್ಹಣಾಯಚಂ!" ಐದನೆಯದನ್ನು ಕೇಳಿದರೆ ಇಲ್ಲ ಅನ್ನಬೇಕು, ಅಂತ. ಯಾರು, ಯಾರಿಗೆ, ಯಾವ ಐದನೆಯದು? ನಾನು ಗುಂಡಿಗಳನ್ನು ಆರಿಸಿ ಬಟ್ಟಲಲ್ಲಿ ಹಾಕಿ ಮೇಲೆ ಒಯ್ದೆ. ಅವರು ನಾಚಿದರು.

"ನಿಮ್ಮ ಕೆಲಸಾ ಏನ್ರೀ ಸರ?" ಎಂದು ಕೇಳಿದೆ.

ಟೇಬಲ್ಲಿನ ಮೇಲೆ ಅಂಗೈಯಷ್ಟು ಹಸಿರು ಬಣ್ಣದ ಸರ್ಕ್ಯೂಟ್ ಬೋರ್ಡು, ಅದರ ನಡುವೆ ಕಪ್ಪು ಚಿಪ್, ಮೂಲೆಯಲ್ಲಿ ಸಾಸಿವೆಯಷ್ಟು ಕೆಂಪು ದೀಪ. ಪ್ರೋಗ್ರಾಂ ಬರೆಯುವವರು ತಮ್ಮ ತಪ್ಪು ಹುಡುಕಲು ಇನ್ನೊಂದು ಪ್ರೋಗ್ರಾಂ ಇಟ್ಟುಕೊಂಡಿರುತ್ತಾರಂತೆ. ಅದಕ್ಕೆ ಡಿಬಗರ್ ಎಂದು ಹೆಸರು. ಓಡುತ್ತಿರುವ ಪ್ರೋಗ್ರಾಮನ್ನು ನಡುವೆ ಹಿಡಿದು ನಿಲ್ಲಿಸಿ ಒಳಗೇನು ನಡೆದಿದೆ ಎಂದು ತೋರಿಸುವುದು ಅದರ ಕೆಲಸ. ಅದು ನಿಲ್ಲಿಸಬೇಕಾದ ಕಡೆ ನಿಲ್ಲಿಸುತ್ತದೋ ಇಲ್ಲವೋ ಎಂದು ಪರೀಕ್ಷಿಸುವುದು ಇವರ ಕೆಲಸ.

"ಕುರಿ ಹಟ್ಟಿ ನೋಡೀರಿ ಇಲ್ರೀ ವೈನಿ?" ಎಂದರು. "ಈ ಚಿಪ್ಪಿನ್ಯಾಗ ನಾಲ್ಕು ನಾಯಿ ಅವ ಅಂತ ತಿಳ್ಕೋರಿ. ನಾಲ್ಕೇ. ಒಂದೊಂದಕ್ಕ ಒಂದೊಂದು ಕುರಿ ತೋರ್ಸಿ, ಇದನ್ನ ಕಾಯಿ ಅಂತ ಹೇಳೂದು. ಆ ಕುರಿ ಯಾರರೆ ಮುಟ್ಟಿದ್ರೋ, ನಾಯಿ ಬೊಗಳ್ತದ, ಎಲ್ಲಾ ಅಲ್ಲೇ ನಿಂದರ್ತದ. ಇದಕ್ಕ ವಾಚ್‌ಪಾಯಿಂಟ್ ಅಂತಾರ. ಐದನೇ ನಾಯಿ ಕೇಳಿದ್ರ ಇಲ್ಲ ಅನ್ನಬೇಕಲ್ಲ? ಈ ಹರಾಮಖೋರ ಡಿಬಗರ್ ಹೂಂ ಅಂದು ಸುಮ್ಮ ಮಕ್ಕೋತದ. ಕುರಿ ಹೋದ್ಮ್ಯಾಗ ಗೊತ್ತಾಗೂದು, ಅಲ್ಲಿ ನಾಯೀನೇ ಇಲ್ಲ ಅಂತ."

"ಬ್ರೇಕ್‌ಪಾಯಿಂಟ್ ಅಂತ ಫೋನಿನ್ಯಾಗ ಅಂತಿದ್ರಲ್ಲ, ಅದು?"

"ಅದು ಬಾಗಿಲದಾಗಿನ ನಾಯಿ. ಕಾಲಿಡೂಕಿಂತ ಮೊದಲೇ ಹಿಡೀತದ. ವಾಚ್‌ಪಾಯಿಂಟ್ ಹಂಗಲ್ಲ. ಅದು ಮುಟ್ಟಿದ ಮ್ಯಾಗ ಹೇಳ್ತದ."

"ಇದ್ರಾಗ ನೀವು ಯಾರು? ಕುರುಬರೇನು?"

ಅವರು ನಕ್ಕರು. ಮೇಲಿನ ಸಾಲಿನಲ್ಲಿ ಒಂದು ಹಲ್ಲು ಇರಲಿಲ್ಲ. "ನಾ ಕಳ್ಳ ರೀ ವೈನಿ. ದಿನಾ ಹೋಗಿ ಕುರಿ ಮುಟ್ಟೂದು, ನಾಯಿ ಕಚ್ಚತದೋ ಇಲ್ಲೋ ನೋಡೂದು. ಮಗ್ಗಲ ಕುರಿ ಮುಟ್ಟಿದ್ರ ಕಚ್ಚಬಾರ್ದು, ಅದೂ ನೋಡೂದು."

ಆಗಲೇ ನಾನು ಕೈಯ ಗುರುತಿನ ಬಗ್ಗೆ ಕೇಳಿದ್ದು. ಕೇಳಬಾರದಿತ್ತೇನೋ. ಅವರು ತೋಳು ಇಳಿಸಿಕೊಂಡರು, ಆಮೇಲೆ ಏನೋ ನಿರ್ಧರಿಸಿದವರಂತೆ ಮತ್ತೆ ಮೇಲೆ ಮಡಚಿದರು.

ಅವರ ಅಪ್ಪ ಹಟ್ಟಿಗೆ ಹೊಸ ನಾಯಿ ತಂದಾಗಲೆಲ್ಲ ಅದನ್ನು ಪರೀಕ್ಷಿಸುತ್ತಿದ್ದನಂತೆ. ಮನೆಯವರಲ್ಲೇ ಒಬ್ಬರು ಕಳ್ಳನ ವೇಷ ಹಾಕಿ, ಮುಖಕ್ಕೆ ಅರಿವೆ ಸುತ್ತಿಕೊಂಡು ಹೋಗಿ ಕುರಿಯ ಕಾಲು ಎಳೆಯಬೇಕು. ನಾಯಿ ಕಚ್ಚಿದರೆ ಪಾಸು. ಕಚ್ಚದಿದ್ದರೆ ಅದನ್ನು ಹೊಡೆದು ಅಟ್ಟುತ್ತಿದ್ದರು. ಅಣ್ಣನಿಗೆ ಹೆಂಡತಿ ಮಕ್ಕಳಿದ್ದರು. ಪಾಲಿಟೆಕ್ನಿಕ್ಕಿನಿಂದ ರಜೆಗೆ ಬರುವ ತಮ್ಮನಿಗೆ ಯಾರೂ ಇರಲಿಲ್ಲ. ಹಾಗಾಗಿ ಪ್ರತಿ ಸಲವೂ ಕಳ್ಳ ಇವರೇ. ಎಡಗೈಗೆ ಗೋಣಿಚೀಲ ಸುತ್ತಿ ಮುಂದೆ ಮಾಡುತ್ತಿದ್ದರು. ಕೆಲವು ಹಲ್ಲು ಗೋಣಿಯನ್ನೂ ದಾಟಿದವು.

"ನಾಯಿ ಎಲ್ಲಾ ಪಾಸ್ ಆದವು ರೀ. ಅಪ್ಪ ಭಾಳ ಖುಷಿ. ಮುಂದ ಮಾಕಣಿ ಡ್ಯಾಮಿನ ಹಿನ್ನೀರ ಕಡೆ ಕುರಿ ಹೊಡ್ಕೊಂಡು ಹೋಗಿದ್ರು. ನಡು ಮಧ್ಯಾಹ್ನ. ಟೆಂಪೋದಾಗ ಮೂರು ಮಂದಿ ಬಂದ್ರು. ಅಣ್ಣ ಒಬ್ಬನೇ ಇದ್ದ. ಆಚಿ ದಂಡೀ ಮ್ಯಾಗ ದನಾ ಕಾಯೂ ಹುಡುಗ ನೋಡಿ ಆಮ್ಯಾಗ ಹೇಳಿದ. ನಾಯಿ ಮಲಗಿದಲ್ಲೇ ತಲೀ ಎತ್ತಿ ನೋಡಿದ್ವಂತ. ಬಾಲ ಅಳ್ಳಾಡಿಸಿದ್ವಂತ."

"ಯಾಕ?"

"ಅವಕ್ಕ ಕಳ್ಳ ಅಂದ್ರ ನಾನೇ ಅಲ್ರೀ. ನನ್ನ ಮೈ ವಾಸನಿ, ನನ್ನ ನಡಗಿ. ಬ್ಯಾರೆ ಕಳ್ಳನ್ನ ಅವು ನೋಡೇ ಇಲ್ಲ." ಅವರು ಬೋರ್ಡಿನ ದೀಪವನ್ನೇ ನೋಡುತ್ತಿದ್ದರು. "ಅಣ್ಣಗ ಕಬ್ಬು ಕಡಿಯೂ ಕೊಯ್ತಾಲೆ ಕಡದ್ರು. ಕುತ್ತಿಗಿ ಮ್ಯಾಲೆ ಎರಡು, ಬೆನ್ನ ಮ್ಯಾಲೆ ಒಂದು. ನಾ ಮುಟ್ಟೂದ್ರಾಗ ಮೈ ತಣ್ಣಗಾಗಿತ್ತು. ಉಳದ ಕುರಿ ಕುಂತಲ್ಲೇ ಮೆಲಕ ಹಾಕ್ಲತ್ತಿದ್ವು. ಅಷ್ಟೊತ್ತಿಗೆ ಒಂದು ನಾಯಿ ನನ್ನ ಕಂಡು ಓಡಿ ಬಂದು ಕಚ್ಚಿತು ನೋಡ್ರಿ. ಉದ್ದಾನದ್ದು ಇದು. ನಾಯಿ ತಪ್ಪಲ್ಲ ಅದು. ಪಾಸ್ ಮಾಡಿದಾಂವ ನಾ."

ಚಹಾ ಆರಿ ಕೆನೆ ಕಟ್ಟಿತ್ತು. ಆ ಕೆನೆಯನ್ನು ಅವರು ಬೆರಳಲ್ಲಿ ತೆಗೆದು ಲೋಟದ ಅಂಚಿಗೆ ಒರೆಸಿದರು.

ಅವರ ಕೆಲಸದ ರೀತಿಯೆಲ್ಲ ಆ ಮಧ್ಯಾಹ್ನದಿಂದ ಬಂದದ್ದೆಂದು ನನಗನ್ನಿಸುತ್ತದೆ. ಒಂದೇ ಪರೀಕ್ಷೆಯನ್ನು ಒಂದೇ ರೀತಿಯಲ್ಲಿ ಎರಡು ಸಲ ಮಾಡುತ್ತಿರಲಿಲ್ಲ. ಬರೆದು ಮುಟ್ಟುವುದು, ಓದಿ ಮುಟ್ಟುವುದು, ಅರ್ಧ ಮುಟ್ಟುವುದು. ಎಲ್ಲ ಪಾಸಾದ ದಿನ ಅವರಿಗೆ ಊಟ ಸೇರುತ್ತಿರಲಿಲ್ಲ. "ಎಲ್ಲಾ ಪಾಸ್ ಅಂದ್ರ ಅದಕ್ಕ ನನ್ನ ಕೈ ಗುರ್ತ ಸಿಕ್ಕದ ಅಂತ ಅರ್ಥ," ಎನ್ನುತ್ತಿದ್ದರು.

ಇನ್ನೊಂದು ಜಗಳ ನೆನಪಿದೆ. ನಾನು ಮೆಟ್ಟಿಲ ಮೇಲೆ ಕುಳಿತು ತೊಗರಿಬೇಳೆಯ ಕಲ್ಲು ಆರಿಸುತ್ತಿದ್ದೆ. ಇವರು ಮಹಡಿಯ ಕಟಾಂಜನಕ್ಕೆ ಒರಗಿ ಫೋನಿನಲ್ಲಿ ಕೂಗುತ್ತಿದ್ದರು. ಒಂದು ಜಾಗದಲ್ಲಿ ಐದು ಎಂಬ ಅಂಕಿ ಇದೆ, ಯಾರೋ ಬಂದು ಮತ್ತೆ ಐದು ಎಂದೇ ಬರೆದರು ಅನ್ನಿ. ಚಿಪ್ಪಿನ ನಾಯಿ ಬೊಗಳುತ್ತದೆ. ಆದರೆ ಡಿಬಗರ್ ನೋಡಿ, ಹಳೆಯದೂ ಐದು, ಹೊಸದೂ ಐದು, ಏನೂ ಬದಲಾಗಿಲ್ಲವಲ್ಲ ಎಂದು ಸುಮ್ಮನಾಗಿಬಿಡುತ್ತದಂತೆ. ಯಾರಿಗೂ ಹೇಳುವುದಿಲ್ಲ. ಕಂಪನಿಯವರು ಅದು ಹಾಗೇ ಇರುವುದು ಎನ್ನುತ್ತಿದ್ದರು.

"ಬದ್ಲಾಗಿಲ್ಲ ಅಂದ್ರ ಮುಟ್ಟಿಲ್ಲ ಅಂತೇನು?" ಎಂದು ಇವರು ಅರಚಿದರು. ಸಿಟ್ಟಿನಲ್ಲಿ ಮರಾಠಿ ಮರೆತು ಕನ್ನಡಕ್ಕೇ ಬಂದಿದ್ದರು.

ಅಂಗಳದಾಚೆ ನನ್ನ ನೆಗೆಣ್ಣಿ, ಮೈದುನನ ಹೆಂಡತಿ, ಬಟ್ಟೆ ಒಗೆಯುತ್ತಿದ್ದಳು. ಬಲಗೈ ಬಾತಿತ್ತು, ಎಡಗೈಯಿಂದ ಹಿಂಡುತ್ತಿದ್ದಳು. ನನ್ನ ಕೈ ಬೇಳೆಯ ಮೇಲೆ ನಿಂತಿತು. ಮೊರವನ್ನೆತ್ತಿಕೊಂಡು ಒಳಗೆ ಹೋದೆ.

ಈಗ ಅದನ್ನು ಬರೆಯಬೇಕು.

ನನ್ನ ಮೈದುನ ಹೆಂಡತಿಯನ್ನು ಹೊಡೆಯುತ್ತಿದ್ದ. ಹೊಡೆಯುವ ಮೊದಲು ಹೊರಗೆ ಬಂದು ಬಲಗೈಯ ಉಂಗುರ ಬಿಚ್ಚಿ ದೀಪದ ಗೂಡಿನಲ್ಲಿ ಇಡುತ್ತಿದ್ದ. ಉಂಗುರವಿದ್ದರೆ ಗುರುತು ಬೀಳುತ್ತದೆ. ಆಮೇಲೆ ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದ. ಅವರ ಮನೆಯ ಮೂಲೆಯಲ್ಲಿ ಜೋಳ ತುಂಬುವ ತಗಡಿನ ಡಬ್ಬಿ ಇತ್ತು, ಎದೆಯೆತ್ತರದ್ದು. ಅವಳ ತಲೆ ಅದಕ್ಕೆ ತಾಗುತ್ತಿತ್ತು. ಸುಗ್ಗಿಯಾದ ಹೊಸತರಲ್ಲಿ ಧಪ್ ಎನ್ನುತ್ತಿತ್ತು. ಬೇಸಿಗೆ ಬರಬರುತ್ತ ಜೋಳ ಇಳಿದಂತೆ ಸದ್ದು ದೊಡ್ಡದಾಗುತ್ತಿತ್ತು. ಡಬ್ಬಿಯಲ್ಲಿ ಎಷ್ಟು ಜೋಳ ಉಳಿದಿದೆ ಎಂದು ನಾನು ನಮ್ಮ ಅಡುಗೆಮನೆಯಿಂದಲೇ ಹೇಳಬಲ್ಲವಳಾಗಿದ್ದೆ.

ಗೂಡಿನಲ್ಲಿ ಉಂಗುರ ಕಂಡೊಡನೆ ನಾನು ಏನು ಮಾಡುತ್ತಿದ್ದೆನೆಂದರೆ, ಮಿಕ್ಸರ್ ಹಚ್ಚುತ್ತಿದ್ದೆ. ಮನೆಯಲ್ಲಿ ಇದ್ದ ಏನನ್ನಾದರೂ ಹಾಕಿ ತಿರುಗಿಸುತ್ತಿದ್ದೆ. ಶೇಂಗಾ, ಒಣ ಕೊಬ್ಬರಿ, ಅಗಸಿ, ಒಮ್ಮೆ ಬರೀ ಉಪ್ಪು. ಆಚೆ ಸದ್ದು ನಿಂತಿತೇ ಎಂದು ನಡುನಡುವೆ ಬಂದ್ ಮಾಡಿ ಕೇಳಿ, ಮತ್ತೆ ಹಚ್ಚುತ್ತಿದ್ದೆ. ನಮ್ಮ ಮನೆಯ ಚಟ್ನಿಪುಡಿ ಮೈಗೆ ಹಚ್ಚುವ ಪೌಡರಿನಷ್ಟು ನುಣ್ಣಗಿರುತ್ತದೆಂದು ಓಣಿಯಲ್ಲೆಲ್ಲ ಹೆಸರು.

ನನ್ನ ಗಂಡ ಇದನ್ನೆಲ್ಲ ಬಲ್ಲರು. "ಅದು ಅವರ ಮನಿ ಮಾತು. ನೀ ಬಾಯಿ ಹಾಕಬ್ಯಾಡ," ಎಂದಿದ್ದರು ಒಮ್ಮೆ. ಹಾಕಲಿಲ್ಲ.

ಒಂದು ದಿನ ಮಧ್ಯಾಹ್ನ ಸರ್ ಕೆಳಗಿಳಿದು ಬಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತರು. ಕೈಯಲ್ಲಿ ಪ್ರಿಂಟು ಹಾಕಿದ ಎರಡು ಹಾಳೆ. ಅವರ ಪರೀಕ್ಷೆ ಹಗಲೆಲ್ಲ ತಾನೇ ಓಡುತ್ತಿರುತ್ತದಂತೆ. ನಡುವೆ ಯಾವಾಗಲೋ ಬೋರ್ಡು ಆರಿ ಮತ್ತೆ ಹತ್ತಿಕೊಂಡು ಪರೀಕ್ಷೆ ಫೇಲಾಗುತ್ತದಂತೆ. ನಾಲ್ಕು ತಿಂಗಳಿಂದ ಹುಡುಕಿ ಕಾರಣ ಸಿಕ್ಕಿರಲಿಲ್ಲ. ಈಗ ಸಿಕ್ಕಿತ್ತು.

"ನಿಮ್ಮ ಮಿಕ್ಸರ್ ರೀ ವೈನಿ. ಈ ಮನಿ ವಾಯರ್ ಸಣ್ಣದದ. ನೀವು ಮಿಕ್ಸರ್ ಹಚ್ಚಿದ್ರ ಮ್ಯಾಲೆ ಕರೆಂಟ್ ಕುಸೀತದ. ನನ್ನ ನಾಯಿ ನಾಲ್ಕೂ ಮೂರ್ಛಿ ಹೋಗ್ತಾವ."

"ಅಯ್ಯ, ತಪ್ಪಾಯ್ತು ರೀ ಸರ. ಬ್ಯಾಟರಿಯಂಥಾದ್ದು ಏನೋ ಬರ್ತದಲ್ಲ, ಅದರೆ ತರಸ್ರಿ."

"ತರ್ಸೂದು ಆಮ್ಯಾಗ. ಮೊದಲ ಯಾಕ ಅಂತ ತಿಳೀಬೇಕು." ಹಾಳೆ ಮುಂದೆ ಹಿಡಿದರು. ತಾರೀಖು, ತಾಸು, ನಿಮಿಷ, ಸೆಕೆಂಡು. "ಮುಂಜಾನಿ ಎಂಟಕ್ಕ ದಿನಾ ಅದ. ಅದು ಚಟ್ನಿ, ತಿಳೀತು. ಈ ಕೆಂಪು ಗೆರಿ ಹೊಡದದ್ದು ಏನು? ಸೋಮವಾರ ಹನ್ನೊಂದೂ ಹತ್ತಕ್ಕ ಆರು ಸಲ. ಅವತ್ತೇ ನಾಲ್ಕೂ ಇಪ್ಪತ್ತಕ್ಕ ಒಂಬತ್ತು ಸಲ. ಒಂದಿನಕ್ಕ ಎಷ್ಟು ಚಟ್ನಿ ತಿಂತೀರಿ ನೀವು?"

"ಮಂದಿ ಕೇಳ್ತಾರ ರೀ. ಕಟ್ಟಿ ಕೊಡ್ತೀನಿ."

ಅವರು ನನ್ನ ಮುಖ ನೋಡಿದರು, ಮಿಕ್ಸರ್ ನೋಡಿದರು. ಕಾನ್ವೆಂಟಿನಲ್ಲಿ ಸುಳ್ಳು ಹೇಳುವಾಗ ನನ್ನ ಕಿವಿ ಕೆಂಪಾಗುತ್ತಿತ್ತು. ಈಗಲೂ ಹಾಗೇ ಆಗಿರಬೇಕು.

"ಒಂದು ಕೆಲಸಾ ಮಾಡೋಣು," ಎಂದರು. "ಮುಂಜಾನಿ ಚಟ್ನಿ ಒಂದು ಬಿಟ್ಟು, ಒಂದು ವಾರ ಮಿಕ್ಸರ್ ಹಚ್ಚಬ್ಯಾಡ್ರಿ. ಏನಾಗ್ತದ ನೋಡೋಣು."

ಒಪ್ಪಿಕೊಂಡೆ. ಒಪ್ಪದೆ ಇರಲು ಹೇಳಬಹುದಾದ ಕಾರಣ ಒಂದೇ ಇತ್ತು.

ನಾಲ್ಕನೆಯ ದಿನ, ಹನ್ನೆರಡರ ಸುಮಾರಿಗೆ, ಗೂಡಿನಲ್ಲಿ ಉಂಗುರ ಕಂಡಿತು. ಕಡುಕೆಂಪು ಹರಳಿನದು. ಬಿಸಿಲು ಬಿದ್ದು ಅದರ ಕೆಂಪು ಗೋಡೆಯ ಸುಣ್ಣದ ಮೇಲೆ ಹರಡಿತ್ತು. ನಾನು ಸ್ವಿಚ್ಚಿನ ಮೇಲೆ ಬೆರಳಿಟ್ಟೆ. ಒತ್ತಲಿಲ್ಲ. ಕೊಟ್ಟ ಮಾತಿಗಾಗಿ ಒತ್ತಲಿಲ್ಲವೋ, ಬೇರೆ ಯಾರಾದರೂ ಕೇಳಲಿ ಎಂದು ಒತ್ತಲಿಲ್ಲವೋ, ಇವತ್ತಿಗೂ ನನಗೆ ತಿಳಿಯದು.

ಚಿಲಕದ ಸದ್ದು. "ಯಾರ ಜೋಡಿ ಮಾತಾಡ್ಲತ್ತಿದ್ದಿ ನಳದ ಹಂತ್ಯಾಕ? ಹೇಳು!" ಕೆನ್ನೆಗೆ ಬಿದ್ದ ಏಟಿನ ಸದ್ದು. "ಯಾರ ಜೋಡೀನೂ ಇಲ್ರೀ... ಅವ್ವನ ಆಣಿ..." ಡಬ್ಬಿ. ಆಗ ಬೇಸಿಗೆ, ಜೋಳ ತಳ ಸೇರಿತ್ತು. ದೇವಸ್ಥಾನದ ನಗಾರಿಯ ಹಾಗೆ ಬಾರಿಸಿತು. ಮತ್ತೊಮ್ಮೆ. ಅವಳು ಕೂಗಲಿಲ್ಲ, ಹೊಟ್ಟೆಯಿಂದ ಗಾಳಿ ಹೋದಂತೆ ಹಾ ಎಂದಳು.

ಸರ್ ಬಂದರು. ಬರಿಗಾಲು. ಮೆಟ್ಟಿಲ ಮೇಲಿಂದ ನೇರ ಆಚೆ ಬಾಗಿಲಿಗೆ ಹೋಗಿ ಭುಜದಿಂದ ಗುದ್ದಿದರು. ಮೂರನೆಯ ಗುದ್ದಿಗೆ ಚಿಲಕ ಕಿತ್ತು ಬಂತು. ಮೈದುನ ಹೊರಗೆ ಬಂದ. ಬೆವರಿ ಹೊಳೆಯುತ್ತಿದ್ದ.

"ಏ ಕುರಿಗಾಹಿ! ನಿಂದೇನದ ಇಲ್ಲಿ? ಇವಳ ಸಲುವಾಗಿ ಇಳದ್ಯೇನು?"

"ಹೊಡೀ," ಎಂದರು ಸರ್. ಮೆಲ್ಲಗೆ. ಎಡಗೈ ಮುಂದೆ ಮಾಡಿದರು, ಮುಂಗೈ ಮೇಲ್ಮುಖ. "ನನಗ ಹೊಡೀ. ನಾ ಬಂದೀನಲ್ಲ."

ಗೋಡೆಗೆ ಬೋರಿನ ಪೈಪಿನ ತುಂಡು ಒರಗಿಸಿದ್ದರು, ಮೊಳದುದ್ದ, ಕಬ್ಬಿಣದ್ದು. ಮೈದುನ ಅದನ್ನೆತ್ತಿ ಬೀಸಿದ. ಹಸಿ ಕಟ್ಟಿಗೆ ಮುರಿದ ಸದ್ದಾಯಿತು. ಸರ್ ಕೈ ಹಿಂದೆ ಎಳೆದುಕೊಳ್ಳಲಿಲ್ಲ. ಇನ್ನೊಂದು ಏಟು, ಭುಜಕ್ಕೆ. ಅವರು ಮಂಡಿಯೂರಿದರು, ಕೈ ಮಾತ್ರ ಹಾಗೇ ಮುಂದೆ, ಅರ್ಧದಲ್ಲಿ ಬಾಗಿ ಜೋತಾಡುತ್ತಿತ್ತು. ಅಷ್ಟರಲ್ಲಿ ನೆಗೆಣ್ಣಿ ಅವರ ಬೆನ್ನ ಹಿಂದಿನಿಂದ ಸರಿದು ಅಂಗಳ ದಾಟಿ ನನ್ನ ಅಡುಗೆಮನೆಗೆ ಬಿದ್ದಳು. ಕೆಳತುಟಿ ಸೀಳಿತ್ತು. ಎಡಗಿವಿಯಿಂದ ರಕ್ತ ತೆಳ್ಳಗೆ ಕುತ್ತಿಗೆಗೆ ಇಳಿದು ತಾಳಿಯ ಕರಿಮಣಿಗಳ ನಡುವೆ ನಿಂತಿತ್ತು. ಆ ಕಿವಿ ಮುಂದೆ ಕೇಳಿಸಲಿಲ್ಲ.

ನಾನು ಬಾಗಿಲು ಹಾಕಿಕೊಂಡೆ. ಅದೊಂದು ಮಾಡಿದೆ.

ಸಂಜೆ ಅವಳ ತಮ್ಮ ಬಂದು ನಿಲಂಗಾಕ್ಕೆ, ತವರಿಗೆ ಕರೆದೊಯ್ದ. ನನ್ನ ಗಂಡ ಸರ್‌ಗೆ ಕೋಣೆ ಬಿಡಲು ಹೇಳಿದರು. "ಬಾಡಿಗಿಲೆ ಬಂದಾಂವ ನಮ್ಮ ಮನ್ಯಾಗ ಕೈ ಹಾಕೂದಂದ್ರ?" ಸರ್ ವಾದ ಮಾಡಲಿಲ್ಲ. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದು, ಒಂದೇ ಕೈಯಿಂದ ವಾಯರುಗಳನ್ನು ಸುತ್ತಿ ಚೀಲಕ್ಕೆ ತುಂಬಿದರು. ತಂಗಿಯ ಮನೆಗೆ, ಉದಗೀರಿಗೆ ಹೊರಟಿದ್ದರು. ಹೊರಡುವ ಮೊದಲು ನನ್ನ ಹೊಸ್ತಿಲಿಗೆ ಬಂದರು.

"ಹೊಡ್ಯೂಕಿಂತ ಮೊದಲ ನಿಮಗ ಗೊತ್ತಾಗ್ತಿತ್ತೇನು?"

ತಲೆಯಾಡಿಸಿದೆ. "ಉಂಗುರ ಬಿಚ್ಚಿ ಗೂಡಿನ್ಯಾಗ ಇಡ್ತಾನ ರೀ."

ಅವರು ಗೂಡಿನ ಕಡೆ ನೋಡಿದರು. ಬಹಳ ಹೊತ್ತು ನೋಡಿದರು.

"ಅಂದ್ರ ನೀವು ಬಾಗಿಲದಾಗೇ ಇದ್ರಿ, ಕಾಲಿಡೂಕಿಂತ ಮೊದಲೇ," ಎಂದರು.

ಅದರಲ್ಲಿ ಸಿಟ್ಟಿರಲಿಲ್ಲ. ಯಾರೂ ನನ್ನನ್ನು ಅಷ್ಟು ಜೋರಾಗಿ ಹೊಡೆದದ್ದಿಲ್ಲ. ಆಮೇಲೆ ಆ ಎರಡು ಹಾಳೆಗಳನ್ನು ನನ್ನ ಕೈಗಿಟ್ಟರು. "ಇದು ಅರ್ಧಾ ಅದ ರೀ. ಮಷೀನಿಗಿ ಹೊತ್ತು ಗೊತ್ತದ, ಯಾಕ ಅಂತ ಗೊತ್ತಿಲ್ಲ. ಉಳದರ್ಧಾ ನಿಮ್ಮ ಕಡೆ ಅದ."

ಎರಡು ವಾರದ ನಂತರ ನಿಲಂಗಾದಲ್ಲಿ ಬೈಠಕ್ ಸೇರಿತು. ಅವಳನ್ನು ತಿರುಗಿ ಕಳಿಸುವುದೋ ಬಿಡುವುದೋ ಎಂದು ಎರಡೂ ಕಡೆಯ ಹಿರಿಯರು ಅವಳ ತವರಿನ ಪಡಸಾಲೆಯಲ್ಲಿ ಜಮಖಾನದ ಮೇಲೆ ಕುಳಿತರು. ಮೈದುನ ಬಿಳಿ ಅಂಗಿ ಹಾಕಿ, ಉಂಗುರ ತೊಟ್ಟು ಬಂದಿದ್ದ. ಅವಳು ಬಾಗಿಲ ಮರೆಯಲ್ಲಿ ನಿಂತಿದ್ದಳು, ಕೇಳಿಸುವ ಕಿವಿ ಈ ಕಡೆಗೆ ಮಾಡಿ.

"ಒಂದೇ ಸಲ ಕೈ ಎತ್ತೀನಿ," ಎಂದ ಅವನು. "ಅದೂ ಆ ಮಹಡಿ ಮ್ಯಾಗಿನಾಂವನ ಸಲುವಾಗಿ. ಅಂವಾ ಬಾಗಿಲಾ ಮುರದು ಬಂದದ್ದು ಯಾಕ, ಆಕೀಗೇ ಕೇಳ್ರಿ. ಮೈ ಮ್ಯಾಗ ಒಂದು ಹಳೀ ಗುರ್ತ ತೋರಸ್ಲಿ ನೋಡೋಣು."

ಹಿರಿಯರಲ್ಲೊಬ್ಬರು ಅವಳ ಅಪ್ಪನ ಕಡೆ ತಿರುಗಿ, "ಗಂಡಹೆಂಡ್ತಿ ಅಂದ್ಮ್ಯಾಗ ಇರೂದೇ. ಹೊಸಾದೇನದ ಇದ್ರಾಗ?" ಎಂದರು. ಅವಳ ಅಪ್ಪ ತಲೆ ತಗ್ಗಿಸಿ ಜಮಖಾನದ ಎಳೆ ಕೀಳುತ್ತಿದ್ದರು. ಇನ್ನೊಂದು ಚಹಾ ಬಂದರೆ ಅವಳ ಟ್ರಂಕು ಹೊರಗೆ ಬರುತ್ತಿತ್ತು.

ಐದರ ಮೇಲೆ ಐದು. ಸರ್ ಕಟಾಂಜನಕ್ಕೆ ಒರಗಿ ಅರಚಿದ್ದು ಕಿವಿಗೆ ಬಂತು.

ನಾನು ಎದ್ದು ನಿಂತೆ. ಗಟ್ಟಿಯಾಗಿ ಓದುವಾಗ ನೆಟ್ಟಗೆ ನಿಲ್ಲಬೇಕು, ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿಯಬೇಕು ಎಂದು ಸಿಸ್ಟರ್ ಕಲಿಸಿದ್ದರು. ಹಾಗೇ ಹಿಡಿದೆ. ಅಂಚಿನಲ್ಲಿ ಉಳಿದರ್ಧವನ್ನು ನಾನೇ ಬರೆದಿದ್ದೆ, ಗೆರೆ ದಾಟದ ದುಂಡು ಅಕ್ಷರ.

"ಸಂಕ್ರಾಂತಿ ಆದ ಮರುದಿನ, ಸೋಮವಾರ, ಹನ್ನೊಂದೂ ಹತ್ತು. ಆರು ಸಲ ಮಿಕ್ಸರ್ ಹಚ್ಚೀನಿ. ಶೇಂಗಾ. ಸಾರಿನ್ಯಾಗ ಉಪ್ಪು ಹೆಚ್ಚಾಗಿತ್ತಂತ. ಅವತ್ತೇ ನಾಲ್ಕೂ ಇಪ್ಪತ್ತು. ಒಂಬತ್ತು ಸಲ. ಒಣಕೊಬ್ಬರಿ. ಆಕಿ ತವರಿಗೆ ಫೋನ್ ಹಚ್ಚಿದ್ದಳು."

"ವೈನಿ, ಏನಿದು?" ಎಂದ ಮೈದುನ. ನಗುತ್ತಿದ್ದ. "ಅಡಗೀ ಪುಸ್ತಕಾ ಓದ್ಲತ್ತಾರೇನು?"

"ನೀವು ಉಂಗುರ ಬಿಚ್ಚಿಟ್ಟ ಹೊತ್ತು ಇದು. ನಾ ಸಪ್ಪಳ ಕೇಳಬಾರ್ದಂತ ಮಿಕ್ಸರ್ ಹಚ್ಚಿದ ಹೊತ್ತು. ತಾಸು, ನಿಮಿಷ ಮಷೀನಿನ್ಯಾಗ ಬಂದದ. ನಾ ಬರದದ್ದಲ್ಲ."

ಓದುತ್ತ ಹೋದೆ. ಎರಡನೆಯ ಹಾಳೆಗೆ ಬರುವ ಹೊತ್ತಿಗೆ ಅವನ ಎಡಗೈ ತಾನಾಗಿಯೇ ಬಲಗೈಯ ಉಂಗುರವನ್ನು ಮುಚ್ಚಿತ್ತು. ಹಿರಿಯರೆಲ್ಲ ಅದನ್ನೇ ನೋಡುತ್ತಿದ್ದರು. ಅವಳ ಅಪ್ಪ ಎದ್ದರು. ಮುದುಕ, ಸಣಕಲು. ಅಳಿಯನ ಮುಂದೆ ಹೋಗಿ ನಿಂತು, "ಬಸ್ ಝಾಲಂ," ಸಾಕು ಎಂದು ಮರಾಠಿಯಲ್ಲೇ ಹೇಳಿ, ಅವನ ಬಿಳಿ ಅಂಗಿಯ ಕಾಲರು ಹಿಡಿದು ಪಡಸಾಲೆಯ ಮೆಟ್ಟಿಲಿನಿಂದ ಕೆಳಗೆ ದೂಡಿದರು. ಅವನ ಹಣೆ ಕಲ್ಲಿಗೆ ತಾಗಿ ಒಡೆಯಿತು. ನನಗೆ ಕನಿಕರ ಬರಲಿಲ್ಲ. ಬರಲಿಲ್ಲವಲ್ಲ ಎಂದು ಈಗ ಬೇಸರವಿದೆ, ಅಷ್ಟೆ.

ಟ್ರಂಕು ಒಳಗೇ ಉಳಿಯಿತು.

ನಾವು ಉಮರ್ಗಾಕ್ಕೆ ಮರಳಿದ ದಿನವೇ ಮೈದುನ ನನ್ನ ಅಡುಗೆಮನೆಗೆ ನುಗ್ಗಿ ಮಿಕ್ಸರನ್ನು ಒಗೆಯುವ ಕಲ್ಲಿಗೆ ಬಡಿದ. ಜಾರು ಸೀಳಿತು, ಬ್ಲೇಡು ಕಿತ್ತು ನನ್ನ ಪಾದದ ಹತ್ತಿರ ಗಿರಗಿರ ತಿರುಗಿ ನಿಂತಿತು. ನನ್ನ ಮೇಲೆ ಕೈ ಎತ್ತಿದ. ಆಗ ನನ್ನ ಗಂಡ ಅವನ ಕೈ ಹಿಡಿದರು. ಆದರೆ ನನ್ನ ಜೊತೆ ಮೂರು ತಿಂಗಳು ಮಾತಾಡಲಿಲ್ಲ. ಮುಂದೆ ಅಂಗಳದ ನಡುವೆ ಗೋಡೆ ಬಂತು. ಗೂಡು ಆಚೆ ಕಡೆಗೆ ಹೋಯಿತು.

ಉದಗೀರಿಗೆ ಫೋನ್ ಮಾಡಿ ಸರ್‌ಗೆ ಹೇಳಿದೆ. ಹೊಗಳುತ್ತಾರೆಂದು ಆಸೆಯಿತ್ತೋ ಏನೋ. ಅವರು ಕೇಳಿದ್ದು ಒಂದೇ. "ಮುಂಜಾನಿ ಎಂಟರದ್ದು ಓದಿದ್ರೇನು?"

"ಇಲ್ರೀ. ಅವು ಖರೇನೇ ಚಟ್ನಿ. ಬಿಟ್ಟೆ."

"ಛಲೋ ಮಾಡಿದ್ರಿ. ಒಂದು ಸುಳ್ಳು ಸೇರಿದ್ರ ಎಲ್ಲಾ ಸುಳ್ಳಾಗ್ತಿತ್ತು." ಆಮೇಲೆ, "ಆಕಿ ಕಿವಿ?" ಎಂದರು. ಇಲ್ಲ ಎಂದೆ. "ಹಂಗಾರ ತಡಾ ಆಯ್ತು," ಎಂದು ಫೋನ್ ಇಟ್ಟರು.

ನಾನು ಮತ್ತೆ ಮಿಕ್ಸರ್ ಕೊಳ್ಳಲಿಲ್ಲ. ಚಟ್ನಿ ಒರಳಲ್ಲಿ ಕುಟ್ಟುತ್ತೇನೆ. ತರಿತರಿ ಇರುತ್ತದೆ, ಯಾರೂ ಕೇಳಿ ಒಯ್ಯುವುದಿಲ್ಲ.

ತಂಗಿಯ ಫೋನು ಬಂದ ದಿನ ನಾನು ಉದಗೀರಿನ ಬಸ್ಸು ಹತ್ತಿದೆ. ನಿಲಂಗಾದಲ್ಲಿ ನೆಗೆಣ್ಣಿ ಹತ್ತಿದಳು. ಅವಳೀಗ ಅಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ, ಬೆರಳಿಗೆ ಸೀಮೆಸುಣ್ಣದ ಪುಡಿ ಹಾಗೇ ಇತ್ತು. ದಾರಿಯುದ್ದಕ್ಕೂ ಅವಳ ಬಲಗಿವಿಯ ಕಡೆ ಕುಳಿತೆ.

ಅವರನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು, ಮೈಮೇಲೆ ಕಂಬಳಿ. ಹಣೆಗೆ ಭಂಡಾರ. ಕುರಿ ಕಾಯುವ ಮಂದಿ ಅಂಗಳದ ತುಂಬ ಕುಳಿತಿದ್ದರು. ಎಡಗೈ ಕಂಬಳಿಯ ಹೊರಗೆ ಬಿದ್ದಿತ್ತು.

"ಅಕ್ಕಾ, ಕೈ ಒಳಗ ಹಾಕ್ಲೇನು?" ಎಂದು ನೆಗೆಣ್ಣಿ ಕೇಳಿದಳು.

"ಒಂದೀಟ ತಡಿ," ಎಂದೆ.

ಎಣಿಸಿದೆ. ಜೋಳದ ಕಾಳಿನಂಥವು ಆರು. ಉದ್ದನೆಯದು ಒಂದು. ಅದಕ್ಕಿಂತ ಮೇಲೆ, ಮೊಣಕೈಯ ಹತ್ತಿರ, ಎಲುಬು ಸೊಟ್ಟಗೆ ಕೂಡಿ ಚರ್ಮದಡಿ ಗಂಟು ಕಟ್ಟಿದ ಜಾಗ. ಅದು ನಮ್ಮ ಮನೆಯದು. ಅದರ ಮೇಲೆ ಕೈಯಿಟ್ಟೆ. ಆಮೇಲೆ ಅವಳು ಕಂಬಳಿಯ ಅಂಚನ್ನು ಎಳೆದು ಮುಚ್ಚಿದಳು.